ಯಾರೂ ಕೇಳುತ್ತಿಲ್ಲ

ಕನ್ನಡದಲ್ಲಿ 'ಕೇಳು' ಎಂಬುದೊಂದು ವಿಲಕ್ಷಣವಾದ ಧಾತು. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಅಂಗಡಿಯಲ್ಲಿ ಬೆಲೆ ಕೇಳುತ್ತೇವೆ. ಗುಡಿಯ ಕಟ್ಟೆಯಲ್ಲಿ ಪುರಾಣ ಕೇಳುತ್ತೇವೆ. ಹಿರಿಯರ ಮಾತು ಕೇಳುತ್ತೇವೆ, ಅಂದರೆ ಅದರಂತೆ ನಡೆದುಕೊಳ್ಳುತ್ತೇವೆ. ತಮಿಳಿನ 'ಕೇಳ್' ಎಂಬುದಕ್ಕೂ ಈ ಎರಡು ಮುಖಗಳುಂಟು. ಸಂಸ್ಕೃತದಲ್ಲಿಯಾಗಲಿ ಇಂಗ್ಲಿಷಿನಲ್ಲಿಯಾಗಲಿ ಈ ಎರಡು ಕೆಲಸಗಳಿಗೆ ಎರಡು ಬೇರೆ ಬೇರೆ ಮಾತುಗಳು ಬೇಕು. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವ ನಾನು ಇದನ್ನು ವಿದ್ಯಾರ್ಥಿಗಳಿಗೆ ಒಂದು ವಿನೋದವೆಂಬಂತೆ ಹೇಳಿ ಮುಂದೆ ಸಾಗಿಬಿಡುತ್ತಿದ್ದೆ. ಆ ಎರಡು ಅರ್ಥಗಳ ನಡುವೆ ನಾನೇ ಒಂದು ದಿನ ಕಾಲು ಜಾರಿ ಬಿದ್ದೆ. ಬಿದ್ದು, ಒಬ್ಬ ಹುಡುಗನಿಗೆ ಅನ್ಯಾಯ ಮಾಡಿದೆ. ಆ ಸಂಗತಿಯನ್ನು ಹೇಳಬೇಕಾದರೆ ಕಂಪ್ಯೂಟರಿನ ಒಡಲೊಳಗಿನ ಒಂದು ಏರ್ಪಾಡನ್ನು ವಿವರಿಸಲೇಬೇಕು. ಸಾಹಿತ್ಯದ ಪುಟಕ್ಕೆ ಇದೇತಕ್ಕೆ ಎಂದು ವಾಚಕರು ಹುಬ್ಬೇರಿಸಬಾರದು. ಕೊನೆಗೆ ಮಾತು ಕನ್ನಡಕ್ಕೇ ಬಂದು ನಿಲ್ಲುತ್ತದೆ.

ನನಗೆ ಎಂ.ಎ. ತರಗತಿಯಲ್ಲಿ ಹಳಗನ್ನಡ ಕಲಿಸಿದ ಗುರುಗಳು, ಎಂಬತ್ತನ್ನು ದಾಟಿದವರು, ನಮ್ಮ ಕಾಲೇಜಿಗೆ ಬಂದು 'ಕವಿರಾಜಮಾರ್ಗ'ವನ್ನು ಕುರಿತು ಒಂದು ಗಂಟೆ ಮಾತನಾಡಲು ಒಪ್ಪಿಕೊಂಡಿದ್ದರು. ಒಂಬತ್ತನೆಯ ಶತಮಾನದ ಆ ಗ್ರಂಥವು ಕನ್ನಡದ ತಿರುಳಿರುವ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣವನ್ನೂ ಹೆಸರಿಸುತ್ತದೆ. ಕೊಪಣವೆಂದರೆ ನಮ್ಮ ಕೊಪ್ಪಳ. ಬರಗಾಲದ ಸೀಮೆಯೆಂದೂ ಹಿಂದುಳಿದ ಸೀಮೆಯೆಂದೂ ಹುಟ್ಟಿದಂದಿನಿಂದ ಕೇಳಿಕೊಂಡು ಬಂದ ನಮ್ಮ ಮಕ್ಕಳು, ತಮ್ಮ ಊರಿನ ಹೆಸರು ಕನ್ನಡದ ತಿರುಳಿನೊಡನೆ ಕೂಡಿ ಬರುವುದನ್ನು ಆ ಹಿರಿಯರ ಬಾಯಿಂದಲೇ ಕೇಳಲಿ ಎಂಬುದು ನನ್ನ ಆಸೆಯಾಗಿತ್ತು.

ಸಭಾಂಗಣ ಇನ್ನೂರು ಮಂದಿಗೆ ಸಾಲುವಂಥದು. ಬಂದವರು ಅದರ ಎರಡರಷ್ಟು. ಉಳಿದವರನ್ನು ನಾಲ್ಕು ಕೊಠಡಿಗಳಲ್ಲಿ ಕೂಡಿಸಿ, ಅಲ್ಲಿದ್ದ ನಲವತ್ತು ಕಂಪ್ಯೂಟರುಗಳ ಮೇಲೆ ಉಪನ್ಯಾಸ ಕಾಣುವಂತೆ ಏರ್ಪಡಿಸುವ ಹೊಣೆಯನ್ನು ಕಂಪ್ಯೂಟರ್ ವಿಭಾಗದ ಒಬ್ಬ ವಿದ್ಯಾರ್ಥಿ ಹೊತ್ತುಕೊಂಡ. ಹೊರಗಿನ ಸಂಪರ್ಕವಿಲ್ಲದ, ಕಾಲೇಜಿನೊಳಗಿನದೇ ಆದ ತಂತಿಜಾಲ ಅದು. ಗುರುಗಳು ಎದ್ದು ನಿಂತರು. ನಲವತ್ತು ತೆರೆಗಳ ಮೇಲೆಯೂ ಅವರ ಮುಖ ಮೂಡಿತು. ನಾಲ್ಕು ನಿಮಿಷ ಸೊಗಸಾಗಿ ನಡೆಯಿತು. ಬಳಿಕ ನಾಲ್ಕು ಕೊಠಡಿಗಳಲ್ಲಿಯೂ ಹೆಚ್ಚುಕಡಮೆ ಒಮ್ಮೆಗೇ ಚಿತ್ರ ನಿಂತುಹೋಯಿತು, ದನಿ ಅಡಗಿತು. ಸಭಾಂಗಣದಲ್ಲಿ ಗುರುಗಳು ಮಾತನಾಡುತ್ತಲೇ ಇದ್ದರು.

ಹುಡುಗ ಒಂದೊಂದೇ ಯಂತ್ರದಲ್ಲಿ ಅದನ್ನು ಮುಚ್ಚಿ ಮತ್ತೆ ತೆರೆದ. ಚಿತ್ರ ಬಂತು, ನಾಲ್ಕು ನಿಮಿಷ ಕಳೆಯಿತು, ಮತ್ತೆ ಹೋಯಿತು. ಮೂರನೆಯ ಸಲ ಆತ ಕೊಠಡಿಯಿಂದ ಕೊಠಡಿಗೆ ಓಡತೊಡಗಿದಾಗ ನಾನು ತಡೆದು, "ಏನಪ್ಪಾ ಇದು? ಏನಾಗಿದೆ?" ಎಂದು ಗದರಿಸಿದೆ. ಆತ ತನ್ನ ಯಂತ್ರದ ಮೇಲೆ ಏನೋ ಸಾಲುಗಳನ್ನು ನೋಡುತ್ತಿದ್ದವನು ತಲೆಯೆತ್ತಿ, "ಯಾರೂ ಕೇಳಾಕತ್ತಿಲ್ರೀ ಸರ್" ಎಂದ.

ನನಗೆ ಮೈಯೆಲ್ಲ ಉರಿಯಿತು. ಎಂಬತ್ತು ದಾಟಿದ ವಿದ್ವಾಂಸರು ಪ್ರಯಾಣದ ಆಯಾಸವನ್ನೂ ಲೆಕ್ಕಿಸದೆ ಬಂದು ಮಾತನಾಡುತ್ತಿರುವಾಗ, ಯಾರೂ ಕೇಳುತ್ತಿಲ್ಲ, ಆದ್ದರಿಂದ ನಿಂತರೇನಾಯಿತು ಎಂದು ಈತ ಹೇಳುತ್ತಿದ್ದಾನೆ ಎಂದು ನಾನು ಬಗೆದೆ. ಎಲ್ಲರ ಎದುರಿಗೆ ಬೈದು, ಯಂತ್ರಗಳನ್ನು ಮುಚ್ಚಿಸಿ, ಅವನನ್ನು ಹೊರಗೆ ಕಳುಹಿಸಿದೆ. ಕೊಪಣದ ಹೆಸರು ಬಂದ ಹೊತ್ತಿಗೆ ಆ ನಾಲ್ಕು ಕೊಠಡಿಗಳು ಖಾಲಿಯಾಗಿದ್ದವು.

ಆತ ಹೇಳಿದ್ದ ಮಾತು ಅದಲ್ಲ ಎಂದು ಮರುದಿನ ಆತನ ಅಧ್ಯಾಪಕರು ನನಗೆ ತಿಳಿಸಿದರು. ಜಾಲದಲ್ಲಿ ಯಾರೂ ಪ್ರಶ್ನೆ ಕೇಳುತ್ತಿಲ್ಲ, ಅದರಿಂದಲೇ ಪ್ರಸಾರ ನಿಲ್ಲುತ್ತಿದೆ ಎಂದು ಆತ ಹೇಳಿದ್ದನಂತೆ. ನನಗೆ ಅದು ಅರ್ಥವಾಗಲಿಲ್ಲ. ನಾಚಿಕೆ ಮಾತ್ರ ಆಯಿತು. ಹುಡುಗನನ್ನು ಕರೆದು ತಪ್ಪೊಪ್ಪಿಕೊಂಡೆ; ವಿಷಯವನ್ನು ತಿಳಿಸಿಕೊಡು ಎಂದೂ ಬೇಡಿಕೊಂಡೆ. ಆತ ಸ್ವಲ್ಪ ಹೊತ್ತು ಯೋಚಿಸಿ, "ಐತವಾರ ನಮ್ಮೂರಿಗೆ ಬರ್ರಿ ಸರ್, ಮುನಿರಾಬಾದಿಗೆ. ಅಲ್ಲಿ ತೋರಿಸೂದು ಸಸಾರ" ಎಂದ.

ಮುನಿರಾಬಾದನ್ನು ನೋಡದವರು ನಮ್ಮ ಕಡೆ ಕಡಮೆ. ಹುಲಿಗೆಮ್ಮನ ಜಾತ್ರೆಗೆ ಬಂದವರೆಲ್ಲ ಅಣೆಕಟ್ಟಿನ ಕಡೆಗೊಮ್ಮೆ ಹೋಗಿ ಬರುತ್ತಾರೆ. ತುಂಗಭದ್ರೆಯ ಬಲದಂಡೆಯಲ್ಲಿ ಹೊಸಪೇಟೆ, ಎಡದಂಡೆಯಲ್ಲಿ ಮುನಿರಾಬಾದು, ನಡುವೆ ಅಣೆ. ೧೯೪೫ರಲ್ಲಿ ಶಂಕುಸ್ಥಾಪನೆಯಾದಾಗ ಒಂದು ದಂಡೆ ಮದರಾಸು ಸರ್ಕಾರದ್ದು, ಇನ್ನೊಂದು ಹೈದರಾಬಾದ್ ಸಂಸ್ಥಾನದ್ದು. ೧೯೫೩ರಲ್ಲಿ ಕಟ್ಟಡ ಮುಗಿಯುವ ವೇಳೆಗೆ ದೇಶದ ನಕ್ಷೆಯೇ ಬದಲಾಗಿತ್ತು. ಇಲ್ಲಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆ ೨೨೭ ಕಿಲೋಮೀಟರು ಹರಿದು, ಗಂಗಾವತಿ, ಸಿಂಧನೂರು, ಮಾನ್ವಿಗಳ ಹೊಲಗಳನ್ನು ನೆನೆಸುತ್ತ ರಾಯಚೂರಿನ ಕಡೆಗೆ ಸಾಗುತ್ತದೆ.

ಹುಡುಗನ ತಂದೆ ಕಾಲುವೆಯ ಮೇಲೆ ನೀರುಗಂಟಿಯಾಗಿ ದುಡಿದವರು. ಕಾಲುವೆಯ ದಂಡೆಯ ಮೇಲೆ ನಮ್ಮನ್ನು ನಿಲ್ಲಿಸಿಕೊಂಡು ಹುಡುಗ ಪಾಠ ಆರಂಭಿಸಿದ. ನೀರು ಹೊಲಕ್ಕೆ ಮೂರು ಬಗೆಯಿಂದ ಬರುತ್ತದೆ. ಮೊದಲನೆಯದು ಮಳೆ, ಬೇಕೆಂದವನ ಹೊಲಕ್ಕೂ ಬೇಡವೆಂದವನ ಕಣಕ್ಕೂ ಒಂದೇ ಸಮನೆ ಸುರಿಯುತ್ತದೆ. ಎರಡನೆಯದು ಕೊಡ; ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೊತ್ತು ಹಾಕಬೇಕು, ನಲವತ್ತು ಮನೆಗೆ ನಲವತ್ತು ಸಲ ಹೊಳೆಗೆ ಹೋಗಬೇಕು. ಮೂರನೆಯದು ಕಾಲುವೆ, ಮೂಲದಿಂದ ಹೊರಡುವ ಧಾರೆ ಒಂದೇ, ಎಲ್ಲಿ ಕವಲೊಡೆಯಬೇಕೋ ಅಲ್ಲಿ ಮಾತ್ರ ಒಡೆಯುತ್ತದೆ, ಯಾವ ತೂಬಿನ ಕೆಳಗೆ ಬೇಡಿಕೆಯುಂಟೋ ಆ ತೂಬಿಗೆ ಮಾತ್ರ ಇಳಿಯುತ್ತದೆ. ಕಂಪ್ಯೂಟರ್ ಜಾಲದಲ್ಲಿಯೂ ಸುದ್ದಿ ಈ ಮೂರು ಬಗೆಯಿಂದಲೇ ಹರಿಯುತ್ತದೆ. ಕಾಲುವೆಯ ಬಗೆಗೆ ಅವರು ಮಲ್ಟಿಕಾಸ್ಟ್ ಎನ್ನುತ್ತಾರೆ. ನಾವು ಮನೆಯಲ್ಲಿ ಮೊಬೈಲಿನ ಮೇಲೆ ನೋಡುವ ನೇರಪ್ರಸಾರಗಳೆಲ್ಲ ಬಹುತೇಕ ಕೊಡದ ಬಗೆಯವು. ನೋಡುವವನೊಬ್ಬನಿಗೆ ಒಂದೊಂದು ಪ್ರತಿ. ಒಂದು ಸಂಸ್ಥೆಯ ಒಳಗಿನ ದೂರದರ್ಶನ ಪ್ರಸಾರದಲ್ಲಿ, ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಿಂದ ದಲ್ಲಾಳಿಗಳಿಗೆ ಬೆಲೆಗಳು ಹರಿಯುವಲ್ಲಿ ಕಾಲುವೆಯ ಬಗೆ ಬಳಕೆಯಲ್ಲಿದೆ.

ಈ ಏರ್ಪಾಡನ್ನು ಬಗೆದು ರೂಪಿಸಿದವನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕನಾಗಿದ್ದ ಸ್ಟೀವ್ ಡೀರಿಂಗ್. ೧೯೮೯ರಲ್ಲಿ ಇದರ ನಿಯಮಗಳು ಒಂದು ವ್ಯವಸ್ಥಿತ ರೂಪದಲ್ಲಿ ಪ್ರಕಟವಾದವು. ೧೯೯೨ರ ಮಾರ್ಚಿನಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ನಡೆದ ಅಂತರ್ಜಾಲ ತಜ್ಞರ ಸಭೆಯ ದನಿಯನ್ನು ಹೀಗೆ ದೂರದ ಊರುಗಳಿಗೆ ಹರಿಸಿದರು. ಡೀರಿಂಗನ ಕಲ್ಪನೆಯ ಹಿರಿಮೆ ಒಂದು ಮಾತಿನಲ್ಲಿದೆ: ಕಳುಹಿಸುವವನಿಗೆ ಕೇಳುವವರು ಯಾರೆಂದು ತಿಳಿಯಬೇಕಾದ ಅಗತ್ಯವಿಲ್ಲ. ಆತ ಒಂದು ಬಳಗದ ವಿಳಾಸಕ್ಕೆ ಕಳುಹಿಸುತ್ತಾನೆ, ಅಷ್ಟೆ. ಪತ್ರಿಕೆಗೆ ಬರೆಯುವ ನನ್ನಂಥವನ ಪಾಡೂ ಇದೇ ಅಲ್ಲವೆ? ಬಳಗಕ್ಕೆ ಸೇರುವುದೂ ಬಿಡುವುದೂ ಕೇಳುವವನ ಇಚ್ಛೆ. ೨೨೪ರಿಂದ ೨೩೯ರವರೆಗಿನ ಅಂಕೆಯಿಂದ ಮೊದಲಾಗುವ ವಿಳಾಸಗಳು ಇಂಥ ಬಳಗಗಳಿಗೆಂದೇ ಮೀಸಲಾಗಿವೆ. ಲೆಕ್ಕ ಹಾಕಿದರೆ ಇಪ್ಪತ್ತಾರು ಕೋಟಿಗೂ ಮಿಕ್ಕು ಬಳಗಗಳಿಗೆ ಎಡೆಯುಂಟು.

ಹಾಗಾದರೆ ಸದಸ್ಯರ ಲೆಕ್ಕ ಇಡುವವರಾರು? ಇಲ್ಲಿ ನಮ್ಮ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಬರುತ್ತದೆ. ಉಪನ್ಯಾಸ ತೋರಿಸುವ ಪ್ರೋಗ್ರಾಂ ತಾನೇ ತಂತಿಯ ಮೇಲೆ ಕೂಗುವುದಿಲ್ಲ. ಅದು ಆಪರೇಟಿಂಗ್ ಸಿಸ್ಟಮಿನ ಒಳತಿರುಳಾದ ಕರ್ನಲನ್ನು ಕರೆದು, "ಇಂಥ ಬಳಗಕ್ಕೆ ಇಂಥ ಬಾಗಿಲಿನಿಂದ ನನ್ನನ್ನು ಸೇರಿಸು" ಎನ್ನುತ್ತದೆ. ಬಾಗಿಲು ಎಂದೆ, ಒಂದು ಯಂತ್ರಕ್ಕೆ ತಂತಿಯದೊಂದು, ನಿಸ್ತಂತುವಿನದೊಂದು, ಹೀಗೆ ಹಲವು ಬಾಗಿಲುಗಳಿರಬಹುದು. ತಪ್ಪು ಬಾಗಿಲಿನಲ್ಲಿ ಸೇರಿದವನು ಎಷ್ಟು ಕಾದರೂ ನೀರು ಬಾರದು. ಕರ್ನಲ್ ತನ್ನ ಖಾತೆಯಲ್ಲಿ ಬರೆದುಕೊಂಡು, ಆ ಬಳಗಕ್ಕೆ ಅದೇ ಮೊದಲನೆಯ ಸದಸ್ಯನಾಗಿದ್ದರೆ ಮಾತ್ರ ಹೊರಗೆ ಸುದ್ದಿ ಕಳುಹಿಸುತ್ತದೆ. ಅದೇ ಯಂತ್ರದಲ್ಲಿ ಎರಡನೆಯ ಪ್ರೋಗ್ರಾಂ ಅದೇ ಬಳಗವನ್ನು ಕೇಳಿದರೆ ಲೆಕ್ಕ ಎರಡಾಗುತ್ತದೆ, ಹೊರಗೆ ಸದ್ದಿಲ್ಲ. ಒಂದು ಬಿಟ್ಟರೆ ಲೆಕ್ಕ ಒಂದಕ್ಕಿಳಿಯುತ್ತದೆ, ಆಗಲೂ ಸದ್ದಿಲ್ಲ. ಲೆಕ್ಕ ಸೊನ್ನೆಗೆ ಮುಟ್ಟಿದಾಗಲೇ "ಇನ್ನು ನಮಗೆ ಬೇಡ" ಎಂಬ ಮಾತು ಹೊರಡುವುದು.

ಇದನ್ನು ಕೇಳುತ್ತಿದ್ದ ಹುಡುಗನ ತಂದೆ ನಕ್ಕರು. "ನಮ್ಮದೂ ಅದ ಲೆಕ್ಕ ನೋಡ್ರಿ ಮಾಸ್ತರ್ರೇ. ಒಂದು ತೂಬಿನ ಕೆಳಗ ಹತ್ತು ಮಂದಿ ರೈತರು. ಒಬ್ಬಾವ ಸಾಕು ಅಂದ್ರ ತೂಬು ಮುಚ್ಚಾಕ ಬರೂದಿಲ್ಲ. ಕಡೀ ಮನಷ್ಯಾ ಸಾಕು ಅಂದಾಗ ಮುಚ್ಚೂದು."

ಕರ್ನಲ್ಲಿಗೆ ಇನ್ನೊಂದು ಕೆಲಸವೂ ಉಂಟು, ಸೋಸುವುದು. ಬಳಗದ ವಿಳಾಸವನ್ನು ತಂತಿಯ ಮಟ್ಟದ ವಿಳಾಸಕ್ಕೆ ಇಳಿಸುವಾಗ ಎಡೆ ಸಾಲದೆ, ಮೂವತ್ತೆರಡು ಬೇರೆ ಬೇರೆ ಬಳಗಗಳು ಒಂದೇ ಹೆಸರನ್ನು ಹಂಚಿಕೊಳ್ಳಬೇಕಾಗುತ್ತದೆ. ಒಂದೇ ಊರಿನಲ್ಲಿ ಮೂವತ್ತೆರಡು ಮಂದಿ ಬಸವರಾಜರಿದ್ದಂತೆ. ಅಂಚೆಯವನು ತಂದ ಕಾಗದ ತಮ್ಮ ಮನೆಯ ಬಸವರಾಜನದೇ ಎಂದು ಮನೆಯವರು ಮತ್ತೊಮ್ಮೆ ನೋಡಿಕೊಳ್ಳುವಂತೆ, ಬಂದುದು ತಾನು ಸೇರಿದ ಬಳಗದ್ದೇ ಎಂದು ಕರ್ನಲ್ ನೋಡಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಒಂದು ಪ್ರೋಗ್ರಾಂ ಯಾವ ವಿಳಾಸವನ್ನೂ ಗೊತ್ತುಮಾಡಿಕೊಳ್ಳದೆ ಕಿವಿ ತೆರೆದು ಕುಳಿತಿದ್ದರೆ, ಅದೇ ಯಂತ್ರದ ಮತ್ತೊಂದು ಪ್ರೋಗ್ರಾಂ ಸೇರಿದ ಬಳಗದ ಮಾತೂ ಅದೇ ಬಾಗಿಲ ಸಂಖ್ಯೆಗೆ ಬಂದರೆ ಅದಕ್ಕೆ ಕೇಳಿಸುತ್ತದೆ. ಬೇಡವಾದರೆ ಬೇಡವೆಂದು ಬಿಡಿಸಿ ಹೇಳಬೇಕು. ಸದಸ್ಯತ್ವವು ಪ್ರೋಗ್ರಾಮಿನದಕ್ಕಿಂತ ಮನೆಯದು ಎಂಬ ಹಳೆಯ ಭಾವನೆಯ ಉಳಿಕೆ ಇದು.

ಇಷ್ಟಾದ ಮೇಲೆ ನಮ್ಮ ಕಥೆಯ ತಿರುಳು ಬಂತು. ಸೇರಿದವನು ಇನ್ನೂ ಇದ್ದಾನೆಂದು ತಿಳಿಯುವುದು ಹೇಗೆ? ಪ್ರೋಗ್ರಾಂ ಹಠಾತ್ತನೆ ಸತ್ತರೆ ಕರ್ನಲ್ ತಾನೇ ಅದರ ಸದಸ್ಯತ್ವಗಳನ್ನು ತೆಗೆದುಹಾಕುತ್ತದೆ. ಆದರೆ ಯಂತ್ರವೇ ಆರಿಹೋದರೆ? ವಿದ್ಯುತ್ತು ಹೋದರೆ? ಬಿಡುತ್ತೇನೆಂದು ಹೇಳುವವರೇ ಇಲ್ಲ. ಡೀರಿಂಗನ ನಿಯಮಗಳು ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಹಾಜರಿ ಪುಸ್ತಕದ ಉಪಾಯವೇ. ಕಾಲೇಜಿನಲ್ಲಿ ಎರಡು ಪುಸ್ತಕಗಳುಂಟು. ಪ್ರವೇಶದ ಪುಸ್ತಕದಲ್ಲಿ ಒಮ್ಮೆ ಬರೆದ ಹೆಸರು ಯಾರಾದರೂ ಹೊಡೆದುಹಾಕುವವರೆಗೆ ಇರುತ್ತದೆ, ಹುಡುಗ ಊರು ಬಿಟ್ಟಿದ್ದರೂ ಇರುತ್ತದೆ. ಹಾಜರಿಯ ಪುಸ್ತಕದಲ್ಲಾದರೋ ದಿನದಿನವೂ ಕೂಗಬೇಕು, ದಿನದಿನವೂ ಓಗೊಡಬೇಕು. ಜಾಲವು ಎರಡನೆಯದನ್ನು ಆರಿಸಿಕೊಂಡಿತು. ಜಾಲದ ಹಿರಿಯನಾದ ರೌಟರು ೧೨೫ ಸೆಕೆಂಡುಗಳಿಗೊಮ್ಮೆ "ಯಾವ ಬಳಗದವರು ಇದ್ದೀರಿ?" ಎಂದು ಎಲ್ಲರನ್ನೂ ಕೇಳುತ್ತದೆ. ಆ ಕೂಗು ಓಣಿಯನ್ನು ದಾಟುವುದಿಲ್ಲ. ಮೊದಲನೆಯ ರೌಟರಿನಲ್ಲಿಯೇ ಅಳಿಯುವಂತೆ ಅದರ ಆಯುಸ್ಸನ್ನು ಒಂದೇ ಹೆಜ್ಜೆಗೆ ಕಟ್ಟಿದ್ದಾರೆ. ಕೇಳಿದ ಯಂತ್ರಗಳ ಕರ್ನಲ್ಲುಗಳು ಹತ್ತು ಸೆಕೆಂಡಿನೊಳಗೆ ಉತ್ತರ ಕೊಡಬೇಕು. ಎಲ್ಲರೂ ಒಮ್ಮೆಲೇ ಕೂಗಿದರೆ ಗದ್ದಲವಾಗುತ್ತದೆಂದು ಪ್ರತಿಯೊಂದೂ ತನಗೆ ತೋಚಿದಷ್ಟು ಹೊತ್ತು ಕಾಯುತ್ತದೆ. ಹಳೆಯ ನಿಯಮದಲ್ಲಿ, ಕಾಯುತ್ತಿರುವಾಗ ಅದೇ ಬಳಗದ ಇನ್ನೊಬ್ಬ ಓಗೊಟ್ಟರೆ ತಾನು ಸುಮ್ಮನಿರಬಹುದು, ಏಕೆಂದರೆ ಆ ಓಣಿಗೆ ಧಾರೆ ಬೇಕೆಂದು ತಿಳಿದರೆ ಸಾಕು. ಒಬ್ಬನ ಬದಲಿಗೆ ಇನ್ನೊಬ್ಬ ಹಾಜರಿ ಹೇಳುವುದನ್ನು ಇಪ್ಪತ್ತು ವರ್ಷ ದಂಡಿಸಿಕೊಂಡು ಬಂದ ನನಗೆ ಅದೇ ಒಂದೆಡೆ ಧರ್ಮವೆಂದು ತಿಳಿದು ನಗು ಬಂತು. ೧೯೯೭ರ ಎರಡನೆಯ ಆವೃತ್ತಿಯಲ್ಲಿ 'ಬಿಡುತ್ತೇನೆ' ಎಂದು ಹೇಳಿ ಹೋಗುವ ಸೌಜನ್ಯ ಸೇರಿತು. ೨೦೦೨ರ ಮೂರನೆಯದರಲ್ಲಿ ಇಂಥವನ ಮಾತು ಮಾತ್ರ ಬೇಕೆಂದು ಆರಿಸಿಕೊಳ್ಳುವ ಹಕ್ಕು ಬಂತು, ಬದಲಿ ಹಾಜರಿ ಹೋಯಿತು. ಬಿಡುತ್ತೇನೆಂಬ ಮಾತು ಬಂದರೂ ರೌಟರು ಒಡನೆಯೇ ತೂಬು ಮುಚ್ಚುವುದಿಲ್ಲ. "ಈ ಬಳಗದವರು ಇನ್ನಾರಾದರೂ ಇದ್ದೀರಾ?" ಎಂದು ಇನ್ನೊಮ್ಮೆ ವಿಚಾರಿಸಿ, ಯಾರೂ ಓಗೊಡದಿದ್ದರೆ ಮಾತ್ರ ಮುಚ್ಚುತ್ತದೆ.

ಎರಡು ಸುತ್ತಿನ ಪ್ರಶ್ನೆಗೆ, ಅದರ ಮೇಲೆ ಉತ್ತರದ ಹತ್ತು ಸೆಕೆಂಡಿಗೂ ಸದ್ದಿಲ್ಲವಾದರೆ ಸದಸ್ಯತ್ವ ತಾನಾಗಿ ಬಾಡಿಹೋಗುತ್ತದೆ. ೧೨೫ರ ಎರಡರಷ್ಟು, ಜೊತೆಗೆ ಹತ್ತು: ೨೬೦ ಸೆಕೆಂಡು. ಅಂದರೆ ನಾಲ್ಕು ನಿಮಿಷ, ಇಪ್ಪತ್ತು ಸೆಕೆಂಡು.

ನಾನು ಥಟ್ಟನೆ ತಲೆಯೆತ್ತಿದೆ. ನಮ್ಮ ಕೊಠಡಿಗಳ ಚಿತ್ರ ನಿಂತದ್ದು ಅಷ್ಟೇ ಹೊತ್ತಿಗೆ. ಹುಡುಗ ವಿವರಿಸಿದ. ಕಾಲೇಜಿನ ಸ್ವಿಚ್ಚುಗಳು ತಂತಿಯ ಮೇಲೆ ಹೋಗುವ ಸದಸ್ಯತ್ವದ ಮಾತುಗಳಿಗೆ ಕಿವಿಗೊಟ್ಟು, ಯಾವ ಕೊಠಡಿಯವರು ಬೇಕೆಂದರೋ ಅಲ್ಲಿಗೆ ಮಾತ್ರ ಧಾರೆ ಬಿಡುವಂಥವು. ನಲವತ್ತು ಯಂತ್ರಗಳ ಕರ್ನಲ್ಲುಗಳೂ ಸೇರಿದೊಡನೆ ನಿಯಮದಂತೆ ತಾವಾಗಿಯೇ ಮಾತು ಕಳುಹಿಸಿದವು. ಸ್ವಿಚ್ಚುಗಳು ಬರೆದುಕೊಂಡು ಧಾರೆ ಬಿಟ್ಟವು. ಆದರೆ ಹೊರಗಿನ ಸಂಪರ್ಕವಿಲ್ಲದ ಆ ಜಾಲದಲ್ಲಿ ರೌಟರೇ ಇರಲಿಲ್ಲ. ೧೨೫ ಸೆಕೆಂಡಿಗೊಮ್ಮೆ ಕೇಳುವ ಹಿರಿಯನೇ ಇರಲಿಲ್ಲ. ಕೇಳದಿದ್ದರೆ ಕರ್ನಲ್ ಮತ್ತೆ ಹೇಳುವುದಿಲ್ಲ. ಅದರ ತಪ್ಪೂ ಅಲ್ಲ. ಓಗೊಡಲು ನಲವತ್ತೂ ಸಿದ್ಧವಾಗಿದ್ದವು. ೨೬೦ ಸೆಕೆಂಡು ಕಾದು ಸ್ವಿಚ್ಚುಗಳು ಹೆಸರು ಹೊಡೆದುಹಾಕಿದವು. ಮುಚ್ಚಿ ತೆರೆದಾಗ ಹೊಸದಾಗಿ ಸೇರಿದಂತಾಗಿ ಮತ್ತೆ ನಾಲ್ಕು ನಿಮಿಷದ ಬಾಳು. ಹುಡುಗ ಹಾಗೆಯೇ ಓಡುತ್ತ ಗಂಟೆಯನ್ನು ಸಾಗಿಸಬೇಕೆಂದಿದ್ದ, ನಾನು ತಡೆದಿದ್ದೆ.

"ಯಾರೂ ಕೇಳಾಕತ್ತಿಲ್ಲ." ಆತ ಹೇಳಿದ್ದು ಅಕ್ಷರಶಃ ಸತ್ಯ.

ಕಾಲುವೆಯ ಹೋಲಿಕೆಯನ್ನು ಕೊನೆಯವರೆಗೆ ಎಳೆಯಬಾರದೆಂಬ ಎಚ್ಚರ ನನಗುಂಟು. ಕಾಲುವೆಗೆ ಎಷ್ಟು ದಿನ ನೀರು ಬಿಡಬೇಕೆಂಬುದನ್ನು ನೀರಾವರಿ ಸಲಹಾ ಸಮಿತಿ ನಿರ್ಧರಿಸುತ್ತದೆ, ತೀರ್ಮಾನ ಮೇಲಿನಿಂದ ಕೆಳಗೆ ಇಳಿಯುತ್ತದೆ. ಜಾಲದಲ್ಲಿ ಬೇಡಿಕೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಅದಕ್ಕಿಂತ ಹಿರಿದಾದ ಭೇದವೆಂದರೆ, ನೀರು ಹಂಚಿದಷ್ಟೂ ಕುಗ್ಗುತ್ತದೆ. ಮೇಲ್ಭಾಗದವರು ಹೆಚ್ಚು ಎಳೆದುಕೊಂಡರೆ ಕೊನೆಯ ಭಾಗದ ರೈತನ ಹೊಲಕ್ಕೆ ಕೆಸರೂ ಮುಟ್ಟದು; ಪ್ರತಿ ಹಂಗಾಮಿನಲ್ಲಿಯೂ ಆ ಮೊರೆ ಕೇಳುತ್ತೇವೆ. ಮಾತು ಹಾಗಲ್ಲ, ನಲವತ್ತು ಯಂತ್ರಕ್ಕೆ ಹೋದರೂ ನಾನೂರಕ್ಕೆ ಹೋದರೂ ಗುರುಗಳ ಮಾತು ಎಳ್ಳಷ್ಟೂ ಕಡಮೆಯಾಗದು. ಕೊನೆಯ ತೂಬಿನವನು ಒಣಗಲು ಅಲ್ಲಿ ಕಾರಣವೇ ಇಲ್ಲ, ಕೇಳುವವರು ಇಲ್ಲದಿರುವುದೊಂದರ ಹೊರತು.

ಹಾಗೆಂದು ಎಲ್ಲ ತೂಬುಗಳನ್ನೂ ಸದಾ ತೆರೆದಿಟ್ಟರೆ ಆದೀತೆ ಎಂದು ಕೇಳಿದೆ. ಹುಡುಗನ ತಂದೆ ಅಣೆಯ ಕಡೆಗೆ ಕೈ ತೋರಿಸಿದರು. ಅಣೆಗೆ ಮೂವತ್ಮೂರು ಗೇಟುಗಳು. ೨೦೨೪ರ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದಿಂದ, ಬೆಳೆಗೆಂದು ಕೂಡಿಟ್ಟ ನೀರು ಹಗಲೂ ಇರುಳೂ ಹೊಳೆಯ ಪಾಲಾಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ ತಡೆಯುವುದಕ್ಕೆ ಸುಮಾರು ಒಂದು ವಾರ ಹಿಡಿಯಿತು. ಲೆಕ್ಕವಿಡದ ಸ್ವಿಚ್ಚುಗಳಿರುವ ಜಾಲದಲ್ಲಿಯೂ ಹೀಗೆಯೇ. ಬೇಡದವರ ಬಾಗಿಲಿಗೂ ಧಾರೆ ನುಗ್ಗಿ, ಬೇರೆ ಕೆಲಸಗಳ ದಾರಿ ಮುಚ್ಚುತ್ತದೆ. ಬಾಗಿಲು ಬೇಕು, ಲೆಕ್ಕವೂ ಬೇಕು. ಆದರೆ ಲೆಕ್ಕವಿಡುವವನು ಕಾಲಕಾಲಕ್ಕೆ ಕೇಳಬೇಕು. ಕೇಳದೆ ಹೆಸರು ಹೊಡೆದರೆ ಅದು ಲೆಕ್ಕವಲ್ಲ, ಅನ್ಯಾಯ.

ದುರಸ್ತಿ ಬಹಳ ಸಣ್ಣದಾಗಿತ್ತು. ರೌಟರಿಲ್ಲದಿದ್ದರೂ ಒಂದು ಸ್ವಿಚ್ಚಿಗೇ ಕೇಳುವ ಹೊಣೆಯನ್ನು ವಹಿಸಬಹುದಂತೆ. ಹುಡುಗ ಎರಡು ಸಾಲು ಬರೆದು ಅದನ್ನು ಮಾಡಿದ. ದೊಡ್ಡದಾಗಿದ್ದುದು ಗುರುಗಳ ಬಳಿಗೆ ಹೋಗಿ ಮತ್ತೊಮ್ಮೆ ಬನ್ನಿರೆಂದು ಬೇಡುವ ನನ್ನ ಕೆಲಸ. ನಡೆದುದನ್ನೆಲ್ಲ ಬಿಚ್ಚಿ ಹೇಳಿದೆ. ಅವರು ಬಹಳ ಹೊತ್ತು ನಕ್ಕು, "ಆ ಹುಡುಗನೂ ಸಭೆಯಲ್ಲಿರಬೇಕು, ಹಾಗಾದರೆ ಬರುತ್ತೇನೆ" ಎಂದರು.

ಬಂದರು. ಈ ಸಲ ನಾನು ಸಭಾಂಗಣದಲ್ಲಿ ಕೂಡಲಿಲ್ಲ. ಕೊನೆಯ ಕೊಠಡಿಯ ಕೊನೆಯ ಬೆಂಚಿನಲ್ಲಿ ಕುಳಿತೆ. ನಾಲ್ಕು ನಿಮಿಷ, ಇಪ್ಪತ್ತು ಸೆಕೆಂಡು, ಗಡಿಯಾರವನ್ನೇ ನೋಡುತ್ತಿದ್ದೆ. ತೆರೆಯ ಮೇಲೆ ಗುರುಗಳು ಕನ್ನಡಕ ಸರಿಪಡಿಸಿಕೊಂಡು ಮಾತು ಮುಂದುವರಿಸಿದರು. ಕೆಲವು ನಿಮಿಷಗಳ ಬಳಿಕ ಕೊಪಣದ ಹೆಸರು ಬಂತು. ಮುಂದಿನ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ಪಕ್ಕದವಳನ್ನು ಮೊಣಕೈಯಿಂದ ತಿವಿದು, "ನಮ್ಮ ಕೊಪ್ಪಳ ಏನs?" ಎಂದು ಪಿಸುನುಡಿದಳು.

ಅಂದಿನಿಂದ ನನ್ನ ಪಾಠದ ಕ್ರಮ ಸ್ವಲ್ಪ ಬದಲಾಗಿದೆ. ಹಿಂದಿನ ಬೆಂಚುಗಳು ಮೌನವಾಗಿದ್ದರೆ, ಅವರು ಕೇಳುತ್ತಿಲ್ಲವೆಂದು ಮೊದಲು ನಿರ್ಧರಿಸಿಬಿಡುತ್ತಿದ್ದೆ. ಈಗ, ನಾನು ಅವರನ್ನು ಕೇಳಿ ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕುತ್ತೇನೆ.